ಉಪ್ಪುನೀರಿನ ಹೊಸ ಟ್ಯಾಂಕ್: ಡ್ಯಾಮ್ಸೆಲ್ ಬಿಡೋದಾ, ನವಸಾಗರ ಹಾಕೋದಾ?

ಉಪ್ಪುನೀರಿನ ಟ್ಯಾಂಕ್ ಇಡುತ್ತೇನೆ ಎಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಎರಡು ಡ್ಯಾಮ್ಸೆಲ್ (ಸಮುದ್ರದ ಒಂದು ಪುಟ್ಟ ಮೀನು) ಬಿಡಿ, ಬದುಕಿದರೆ ಬೇರೆ ಮೀನು ತನ್ನಿ. ಬೆಂಗಳೂರಿನ ನಮ್ಮ ಮನೆಯಲ್ಲಿ ಮೂರು ಅಡಿಯ ಟ್ಯಾಂಕುಗಳಲ್ಲಿ ಈ ದಾರಿಯನ್ನೂ, ಇದಕ್ಕೆ ಎದುರಾಳಿಯಾದ ಉಳಿದ ದಾರಿಗಳನ್ನೂ ಮಾಡಿ ನೋಡಿದ್ದೇನೆ.

ಯಾವ ದಾರಿ ಹಿಡಿದರೂ ಆಗಬೇಕಾದ ಕೆಲಸ ಒಂದೇ. ಮೀನು ಬಿಡುವ ಅಮೋನಿಯವನ್ನು ಬ್ಯಾಕ್ಟೀರಿಯ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಬೇಕು. ಸಮುದ್ರದ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) 8.2ರ ಆಸುಪಾಸು ಇರುವುದರಿಂದ ಅಮೋನಿಯದ ವಿಷ ಇಲ್ಲಿ ಜಾಸ್ತಿ. ನೈಟ್ರೈಟಿಗೆ ಅಷ್ಟು ಹೆದರಬೇಕಿಲ್ಲ, ಉಪ್ಪಿನಲ್ಲಿರುವ ಕ್ಲೋರೈಡ್ ಅದು ಮೀನಿನ ಮೈಗೆ ಹೋಗದಂತೆ ತಡೆಯುತ್ತದೆ.

ಡ್ಯಾಮ್ಸೆಲ್ ಗಟ್ಟಿ ಮೀನು, ಸುಲಭಕ್ಕೆ ಸಾಯುವುದಿಲ್ಲ, ನಿಜ. ಆದರೆ ಕಿವಿರು ಸುಡುವ ನೀರಿನಲ್ಲಿ ವಾರಗಟ್ಟಲೆ ಏದುಸಿರು ಬಿಡುವುದನ್ನು ನೋಡಿಕೊಂಡು ಕೂರಬೇಕು. ಅದಕ್ಕಿಂತ ದೊಡ್ಡ ತಲೆನೋವು ಆಮೇಲಿನದು. ಮೊದಲು ಬಂದ ಡ್ಯಾಮ್ಸೆಲ್‌ಗೆ ಇಡೀ ಟ್ಯಾಂಕ್ ತನ್ನದೇ. ನಂತರ ಬಂದವರನ್ನೆಲ್ಲ ಅಟ್ಟಾಡಿಸುತ್ತದೆ. ಹಿಡಿಯೋಣ ಅಂದರೆ ಕಲ್ಲೆಲ್ಲ ಎತ್ತಿ ಹೊರಗಿಡಬೇಕು. ಇಷ್ಟೆಲ್ಲ ಆದರೂ ಬೆಳೆದ ಬ್ಯಾಕ್ಟೀರಿಯ ಆ ಎರಡು ಪುಟ್ಟ ಮೀನಿಗೆ ಸಾಕಾಗುವಷ್ಟೇ. ನನ್ನ ಲೆಕ್ಕದಲ್ಲಿ ಈ ದಾರಿಗೆ ಸೊನ್ನೆ.

ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್, ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಾರಲ್ಲ, ಅದೇ. ಟ್ಯಾಂಕಿಗೆ ಮಾತ್ರ ಲ್ಯಾಬಿನ ಶುದ್ಧ ಪುಡಿಯೇ ಬೇಕು. ಕಲ್ಲು, ಮರಳು ಕಳೆದು ನನ್ನ ಟ್ಯಾಂಕಿನಲ್ಲಿ ಸುಮಾರು 160 ಲೀಟರ್ ನೀರು. ಅದಕ್ಕೆ 1 ಗ್ರಾಂ ಹಾಕಿದರೆ ಅಮೋನಿಯ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಅಷ್ಟು ಹಾಕಿ, ಟೆಸ್ಟ್ ಕಿಟ್‌ನಲ್ಲಿ ನೋಡುತ್ತಾ ಇರುವುದು. ಇಳಿದರೆ ಮತ್ತೆ ಹಾಕುವುದು. 2 ಪಿಪಿಎಂ ಒಂದೇ ದಿನದಲ್ಲಿ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಖಾಲಿ ಟ್ಯಾಂಕ್ ನೋಡಿ ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅನ್ನುತ್ತಾರೆ, ಅದೊಂದೇ ಕಷ್ಟ. ಯಾವ ಜೀವಕ್ಕೂ ನೋವಿಲ್ಲ, ಬ್ಯಾಕ್ಟೀರಿಯವೂ ಬೇಕಾದ್ದಕ್ಕಿಂತ ಜಾಸ್ತಿಯೇ ಬೆಳೆದಿರುತ್ತದೆ.

ಅಂಗಡಿಯಲ್ಲಿ ಸಿಗುವ ಬಾಟಲಿ ಬ್ಯಾಕ್ಟೀರಿಯದ ಫಲ ಒಂದೊಂದು ಸಲ ಒಂದೊಂದು ಥರ. ಒಂದು ಬಾಟಲಿ ಕಾಯುವುದನ್ನು ಅರ್ಧಕ್ಕೆ ಇಳಿಸಿತು, ಇನ್ನೊಂದು ನೀರನ್ನು ಸುಮ್ನೆ ಮೋಡ ಮಾಡಿತು ಅಷ್ಟೇ. ಕಾರಣ ಇದೆ. ಅಮೋನಿಯ ತಿನ್ನುವ ಈ ಬ್ಯಾಕ್ಟೀರಿಯಗಳು ಬೀಜಕಗಳಾಗಿ ಮಲಗಿ ಕಾಯುವ ಜಾತಿಯಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕೊರಿಯರ್ ಗಾಡಿಯಲ್ಲಿ ಬೆಂದು ಬಂದರೆ ಏನು ಉಳಿದೀತು? ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಲೇಬಲ್ ಮೇಲೆ ಬರೀ ಬ್ಯಾಸಿಲಸ್ ಅಂತಿದ್ದರೆ ಅದು ಕಸ ಕರಗಿಸುವ ಸರಕು, ಈ ಕೆಲಸಕ್ಕಲ್ಲ.

ಎಲ್ಲಕ್ಕಿಂತ ಬೇಗ ಆಗಿದ್ದು ಗೆಳೆಯನ ಹಳೆ ಟ್ಯಾಂಕಿನ ಫಿಲ್ಟರಿನಿಂದ, ಬ್ಯಾಕ್ಟೀರಿಯ ಅಂಟಿ ಬೆಳೆದ ಸೆರಾಮಿಕ್ ರಿಂಗ್ ತಂದು ಹಾಕಿದಾಗ. ಹಾಲಿಗೆ ಒಳ್ಳೆ ಹೆಪ್ಪು ಬಿದ್ದ ಹಾಗೆ. ಆದರೆ ಅಲ್ಲಿಯ ರೋಗವೂ ಜೊತೆಗೇ ಬರಬಹುದು. ಮೀನಿನ ಮೈಮೇಲೆ ಬಿಳಿ ಚುಕ್ಕೆ ತರುವ ಪರಾವಲಂಬಿ ಇಂಥ ಗಟ್ಟಿ ಜಾಗಕ್ಕೇ ಅಂಟಿಕೊಂಡು ಮರಿ ಮಾಡುತ್ತದೆ. ಆ ಟ್ಯಾಂಕಿನ ಪೂರ್ವಾಪರ ಗೊತ್ತಿದ್ದರೆ ಮಾತ್ರ ತನ್ನಿ. ಬ್ಯಾಕ್ಟೀರಿಯ ಸಿಗುತ್ತದೆಂದು ಸಮುದ್ರದಿಂದ ತೆಗೆದ ಹವಳದ ಕಲ್ಲನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಟ್ಟಿ ಹವಳಕ್ಕೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ. ಕಡಲಕುದುರೆಗೂ ಅಷ್ಟೇ.

ಹಾಗಾಗಿ ನನ್ನ ಓಟು ನವಸಾಗರಕ್ಕೆ. ಜೊತೆಗೆ ನಂಬಿಕೆಯ ರಿಂಗ್ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಮೀನು. ಒಂದು ಟ್ಯಾಂಕಿಗೆ ಬೇಗ ಬೇಗ ತುಂಬಿಸಿದೆ, ಇನ್ನೊಂದಕ್ಕೆ ಮೂರು ನಾಲ್ಕು ವಾರ ಬಿಟ್ಟು ಒಂದೊಂದೇ. ಮೊದಲನೆಯದರಲ್ಲಿ ಅಮೋನಿಯ ತಲೆ ಎತ್ತುತ್ತಲೇ ಇತ್ತು, ಗಾಜಿಗೆಲ್ಲ ಪಾಚಿ. ಎರಡನೆಯದರಲ್ಲಿ ಕಿಟ್‌ನ ಬಣ್ಣ ಬದಲಾಗಲೇ ಇಲ್ಲ. ಸಾಧು ಮೀನು ಮೊದಲು, ಜಗಳಗಂಟಿ ಕೊನೆಗೆ. ಮೊದಲು ಫೈರ್‌ಫಿಶ್, ಆಮೇಲೆ ಗೋಬಿ, ನಂತರ ಕ್ಲೌನ್ ಜೋಡಿ. ಕ್ಲೌನ್ ಕೊಳ್ಳುವಾಗ ಮೊಟ್ಟೆಯಿಂದ ಸಾಕಿ ಬೆಳೆಸಿದ್ದನ್ನೇ ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಇವನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಅಂಥ ಮೀನು ಪೆಲೆಟ್ ತಿನ್ನುವುದು ಕಲಿತೇ ಬರುತ್ತದೆ. ಡ್ಯಾಮ್ಸೆಲ್ ಬೇಕೇ ಬೇಕು ಅಂದರೆ ಎಲ್ಲರ ಕೊನೆಗೆ.

ಅಂಗಡಿಯಿಂದ ತಂದ ಮೀನನ್ನು ಹನಿ ಹನಿಯಾಗಿ ನೀರು ಬೆರೆಸಿ ಒಗ್ಗಿಸುವುದು ಒಳ್ಳೆಯದೇ. ಆದರೆ ದೂರದ ಊರಿಂದ ಚೀಲದಲ್ಲಿ ಬಂದ ಮೀನಿಗೆ ಇದು ಬೇಡ. ಚೀಲ ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಒಳಗೆ ಸೇರಿದ್ದ ಅಮೋನಿಯ ಇನ್ನಷ್ಟು ವಿಷವಾಗುತ್ತದೆ. ಇಂಥ ಮೀನಿಗೆ, ಹೊಸ ಮೀನನ್ನು ಬೇರೆ ಇಡಲು ಬಳಸುವ ಬಕೆಟ್ ಟ್ಯಾಂಕಿನ ಉಪ್ಪಿನಂಶವನ್ನು ಚೀಲದ ನೀರಿಗೆ ಮೊದಲೇ ಹೊಂದಿಸಿಟ್ಟು, ಚೀಲ ತೇಲಿಸಿ, ಬಿಸಿ ಸಮವಾದ ಮೇಲೆ ಮೀನನ್ನು ಮಾತ್ರ ದಾಟಿಸುತ್ತೇನೆ. ಅದೇ ಬಕೆಟ್ ಟ್ಯಾಂಕಿನಲ್ಲಿ ನಾಲ್ಕು ವಾರ ಬೇರೆ ಇಡುವುದು, ತಾಮ್ರದ ಮದ್ದು ಬೇಕಾದರೆ ಅಲ್ಲೇ ಹಾಕುವುದು. ದೊಡ್ಡ ಟ್ಯಾಂಕಿಗೆ ತಾಮ್ರ ಬಿದ್ದರೆ ಸೀಗಡಿ, ಬಸವನಹುಳು ಒಂದೂ ಉಳಿಯುವುದಿಲ್ಲ.