ಬ್ರಿಟನ್ನಿನ ಸಂಗಾತಿ ವೀಸಾಕ್ಕೆ ಆದಾಯದ ಪುರಾವೆ: ಜಯನಗರದ ಒಂದು ಸಲಹಾ ಸಂಸ್ಥೆಯ ಸೇವೆ ಹೇಗಿದೆ?

ಬ್ರಿಟನ್ನಿನಲ್ಲಿ ನೆಲೆಸಿರುವ ಪತಿಯನ್ನೋ ಪತ್ನಿಯನ್ನೋ ಸೇರಿಕೊಳ್ಳಲು ವೀಸಾ ಕೇಳುವವರಿಗೆ ಮದುವೆಯನ್ನು ರುಜುವಾತುಪಡಿಸುವುದು ಸುಲಭ. ಕಷ್ಟವಿರುವುದು ಆದಾಯವನ್ನು ರುಜುವಾತುಪಡಿಸುವುದರಲ್ಲಿ. 2012ರಿಂದ ವರ್ಷಕ್ಕೆ 18,600 ಪೌಂಡ್ ಇದ್ದ ಕನಿಷ್ಠ ಆದಾಯದ ಮಿತಿಯನ್ನು 2024ರ ಏಪ್ರಿಲ್ 11ರಂದು 29,000 ಪೌಂಡಿಗೆ ಏರಿಸಲಾಯಿತು. ನನ್ನ ಪತಿಯ ಸಂಬಳ 27,000 ಪೌಂಡ್. ಹಳೆಯ ಮಿತಿಯಾಗಿದ್ದರೆ ಅವರ ಆರು ತಿಂಗಳ ಪೇಸ್ಲಿಪ್ಪುಗಳನ್ನು ಲಗತ್ತಿಸಿ ನಿಶ್ಚಿಂತೆಯಿಂದ ಇರಬಹುದಿತ್ತು. ಹೊಸ ಮಿತಿಗೆ ಎರಡು ಸಾವಿರ ಪೌಂಡ್ ಕೊರತೆ ಬೀಳುತ್ತಿದ್ದುದರಿಂದ ನಾನು ಜಯನಗರದ ಒಂದು ವೀಸಾ ಸಲಹಾ ಸಂಸ್ಥೆಯ ಮೆಟ್ಟಿಲು ಹತ್ತಬೇಕಾಯಿತು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಗುಣವೂ ದೋಷವೂ ಇದೇ ವ್ಯಾಪಾರದ ಬೇರೆ ಕಚೇರಿಗಳಲ್ಲಿಯೂ ಕಾಣಸಿಗುವಂಥವು.

ಅವರಲ್ಲಿ ಎರಡು ಬಗೆಯ ಸೇವೆಗಳಿವೆ. ಅರ್ಜಿ ತುಂಬುವುದರಿಂದ ಹಿಡಿದು ಎಲ್ಲವನ್ನೂ ಅವರೇ ಮಾಡಿಕೊಡುವ 65,000 ರೂಪಾಯಿಯ ಪೂರ್ಣ ಪ್ಯಾಕೇಜ್ ಒಂದು. ನಾವು ಜೋಡಿಸಿಟ್ಟ ಕಾಗದಗಳನ್ನು ವೀಸಾ ಅಧಿಕಾರಿಯ ಕಣ್ಣಿನಿಂದ ಓದಿ ಲೋಪಗಳನ್ನು ತೋರಿಸಿಕೊಡುವ 18,000 ರೂಪಾಯಿಯ ಕಡತ ಪರಿಶೀಲನೆ ಇನ್ನೊಂದು. ನಾನು ಎರಡನೆಯದನ್ನು ಆರಿಸಿಕೊಂಡೆ. ಮುಂದಿನ ಕೌಂಟರಿನಲ್ಲಿ ಕುಳಿತವರು ಮೊದಲನೆಯದನ್ನೇ ಮಾರಲು ಸಾಕಷ್ಟು ಹೆಣಗಾಡಿದರು ಎಂಬುದನ್ನೂ ಹೇಳಬೇಕು.

ಮೊದಲ ಭೇಟಿಯಲ್ಲಿಯೇ ತಿಳಿದ ಸಂಗತಿಯೆಂದರೆ, ಬೆಂಗಳೂರಿನಲ್ಲಿ ನಾನು ದುಡಿಯುವ ಸಂಬಳಕ್ಕೆ ಈ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಹೊರದೇಶದಲ್ಲಿರುವ ಅರ್ಜಿದಾರರ ಉದ್ಯೋಗದ ಆದಾಯವನ್ನು ಆ ನಿಯಮಗಳು ಪರಿಗಣಿಸುವುದಿಲ್ಲ. ನನ್ನ ಸಂಬಳ ನನ್ನ ಪತಿಯ ಸಂಬಳಕ್ಕಿಂತ ಕಡಿಮೆಯೇನೂ ಅಲ್ಲವಾದ್ದರಿಂದ ಇದನ್ನು ಕೇಳಿ ಸ್ವಲ್ಪ ಸಿಟ್ಟೂ ಬಂದಿತು. ಆದರೆ ಬಾಡಿಗೆ, ಪಿಂಚಣಿ, ಡಿವಿಡೆಂಡ್ ಮುಂತಾದ, ಉದ್ಯೋಗದಿಂದ ಬಾರದ ಆದಾಯವು ಅರ್ಜಿದಾರರ ಹೆಸರಿನಲ್ಲಿದ್ದರೂ ನಡೆಯುತ್ತದೆ. ಮೈಸೂರಿನಲ್ಲಿ ನನ್ನ ಹೆಸರಿನ ಒಂದು ಮನೆ ತಿಂಗಳಿಗೆ 22,000 ರೂಪಾಯಿ ಬಾಡಿಗೆ ತರುತ್ತದೆ. ವರ್ಷಕ್ಕೆ 2,64,000 ರೂಪಾಯಿ. ನಾವು ಲೆಕ್ಕ ಹಾಕಿದ ದಿನ ಪೌಂಡಿಗೆ ಸುಮಾರು 115 ರೂಪಾಯಿ ಇದ್ದುದರಿಂದ 2,295 ಪೌಂಡ್. ಕೊರತೆ ನೀಗಿ ಮೇಲೆ ಇನ್ನೂರ ತೊಂಬತ್ತೈದು ಪೌಂಡ್ ಉಳಿಯಿತೆಂದು ಮನೆಮಂದಿಯೆಲ್ಲ ಭಾವಿಸಿದ್ದೆವು.

ಕಡತ ಓದಿದವರು ಒಬ್ಬ ಕಿರಿಯ ಉದ್ಯೋಗಿ. ಈ ವಿಮರ್ಶೆಯಲ್ಲಿರುವ ಹೊಗಳಿಕೆಯೆಲ್ಲ ಅವರಿಗೇ ಸಲ್ಲಬೇಕು. ಬಾಡಿಗೆ ಕರಾರನ್ನು ಎಡಕ್ಕೂ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಬಲಕ್ಕೂ ಇಟ್ಟುಕೊಂಡು, ಬಾಡಿಗೆ ಜಮಾ ಆದ ಒಂದೊಂದು ಸಾಲಿಗೂ ಪೆನ್ಸಿಲಿನಿಂದ ಗುರುತು ಹಾಕುತ್ತಾ ಬಂದವರು, ಕೊನೆಯಲ್ಲಿ ಗುರುತುಗಳನ್ನು ಎಣಿಸಿ, "ಮೇಡಂ, ಇಲ್ಲಿ ಹತ್ತೇ ಇವೆಯಲ್ಲ?" ಎಂದರು. ಬಾಡಿಗೆದಾರರು ಎರಡು ತಿಂಗಳು ಹಣವನ್ನು ಖಾತೆಗೆ ಹಾಕದೆ, ಅದೇ ಬೀದಿಯಲ್ಲಿರುವ ನನ್ನ ತಾಯಿಯ ಕೈಗೆ ನಗದಾಗಿ ಕೊಟ್ಟಿದ್ದರು. ನಮ್ಮ ಊರುಗಳಲ್ಲಿ ಇದು ಬಲು ಸಹಜ. ಆದರೆ ಖಾತೆಯಲ್ಲಿ ಕಾಣದ ಬಾಡಿಗೆ ವೀಸಾ ಅಧಿಕಾರಿಯ ಪಾಲಿಗೆ ಬಾರದ ಬಾಡಿಗೆಯೇ. ಹತ್ತು ತಿಂಗಳಿನದು 2,20,000 ರೂಪಾಯಿ, ಅಂದರೆ 1,913 ಪೌಂಡ್. ಪತಿಯ ಸಂಬಳಕ್ಕೆ ಸೇರಿಸಿದರೆ 28,913. ಹೀಗೆ ಕೇವಲ 87 ಪೌಂಡಿನಿಂದ ಅರ್ಜಿ ಬಿದ್ದುಹೋಗುತ್ತಿತ್ತು.

ಎಂಬತ್ತೇಳು ಪೌಂಡ್ ಎಂದರೆ ಹತ್ತು ಸಾವಿರ ರೂಪಾಯಿ, ಬ್ಯಾಂಕಿನಲ್ಲಿ ತೋರಿಸಿದರಾಯಿತು ಎನ್ನುವಂತಿಲ್ಲ. ಉಳಿತಾಯದಿಂದ ಕೊರತೆಯನ್ನು ತುಂಬುವ ಲೆಕ್ಕ ವಿಚಿತ್ರವಾಗಿದೆ: ಮೊದಲ 16,000 ಪೌಂಡ್ ಗಣನೆಗೇ ಬರುವುದಿಲ್ಲ, ಅದರ ಮೇಲೆ, ಕೊರತೆಯ ಎರಡೂವರೆ ಪಟ್ಟು ಹಣ ಇರಬೇಕು. ಆದಾಯವೇ ಇಲ್ಲದೆ ಉಳಿತಾಯವನ್ನೇ ನಂಬಿದವರು ಇದೇ ಸೂತ್ರದ ಪ್ರಕಾರ 88,500 ಪೌಂಡ್, ಅಂದರೆ ಒಂದು ಕೋಟಿ ರೂಪಾಯಿಗೂ ಮೀರಿದ ಮೊತ್ತವನ್ನು ತೋರಿಸಬೇಕಾಗುತ್ತದೆ. ನಮ್ಮ 87 ಪೌಂಡಿನ ಕೊರತೆಗೆ ಬೇಕಾದದ್ದು 16,217 ಪೌಂಡ್ 50 ಪೆನ್ಸ್, ಸುಮಾರು ಹದಿನೆಂಟೂವರೆ ಲಕ್ಷಕ್ಕಿಂತ ತುಸು ಹೆಚ್ಚು. ನನ್ನ ಹೆಸರಿನಲ್ಲಿ ವರ್ಷಕ್ಕೂ ಹಳೆಯದಾದ 22 ಲಕ್ಷದ ಎಫ್‌ಡಿ ಇತ್ತು. ಬಾಡಿಗೆಯನ್ನು ಬಿಟ್ಟು ಎಫ್‌ಡಿಯೊಂದನ್ನೇ ನಂಬಿದ್ದರೆ 21,000 ಪೌಂಡ್, ಅಂದರೆ 24 ಲಕ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಒಂದೊಂದನ್ನೇ ನೋಡಿದರೆ ಎರಡೂ ಸಾಲುವುದಿಲ್ಲ. ಕೂಡಿಸಿದರೆ ಸಾಕಾಗಿ ಮಿಗುತ್ತವೆ. ಸಂಬಳ, ಬಾಡಿಗೆ, ಉಳಿತಾಯ ಮೂರನ್ನೂ ಕೂಡಿಸಲು ನಿಯಮದಲ್ಲಿ ಅವಕಾಶವಿದೆಯೆಂದೂ, ಪತಿ ಸ್ವಂತ ಉದ್ಯೋಗದವರಾಗಿದ್ದರೆ ಆ ಆದಾಯದ ಜೊತೆಗೆ ಉಳಿತಾಯವನ್ನು ಸೇರಿಸಲು ಬರುತ್ತಿರಲಿಲ್ಲವೆಂದೂ ಆ ಉದ್ಯೋಗಿ ಬಿಡಿಸಿ ಹೇಳಿದರು. ಕೊಟ್ಟ ಹದಿನೆಂಟು ಸಾವಿರ ನನ್ನ ಮಟ್ಟಿಗೆ ಆ ಹೊತ್ತಿನಲ್ಲಿಯೇ ಸಾರ್ಥಕವಾಯಿತು.

ಎಫ್‌ಡಿಯ ವಿಷಯದಲ್ಲಿ ಅವರು ಇನ್ನೊಂದು ಎಚ್ಚರಿಕೆ ಕೊಟ್ಟರು. ಹಣ ಆರು ತಿಂಗಳಿನಿಂದ ನಮ್ಮ ಹಿಡಿತದಲ್ಲಿರಬೇಕು, ಮತ್ತು ದಂಡ ತೆತ್ತಾದರೂ ತಕ್ಷಣ ತೆಗೆಯಲು ಬರುವಂತಿರಬೇಕು. ಆದ್ದರಿಂದ ಅವಧಿಗೆ ಮುನ್ನ ಮುರಿಯಬಹುದೆಂದು ಬ್ಯಾಂಕಿನಿಂದ ಪತ್ರ ತರಿಸಿದರು. ಅವಧಿ ಮುಗಿಯದ ಪಿಪಿಎಫ್ ಇಲ್ಲಿ ಉಪಯೋಗಕ್ಕೆ ಬಾರದು, ಲಾಕರಿನ ಚಿನ್ನವಂತೂ ಕೇಳುವುದೇ ಬೇಡ. ರೂಪಾಯಿಯನ್ನು ಪೌಂಡಿಗೆ ತಿರುಗಿಸುವುದು ಅರ್ಜಿ ಸಲ್ಲಿಸಿದ ದಿನ ಓಆಂಡಾ ಜಾಲತಾಣದಲ್ಲಿ ಕಾಣುವ ದರದಲ್ಲಿ. ಹಾಗಾಗಿ ಅಂಚಿನಲ್ಲಿ ನಿಲ್ಲುವ ಮೊತ್ತವನ್ನು ನೆಚ್ಚಿಕೊಳ್ಳಬಾರದೆಂಬುದು ಅವರ ಅಭಿಪ್ರಾಯ. ನನಗೂ ಅದೇ ಸರಿಯೆನಿಸಿತು.

ಉಳಿದ ಕಾಗದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪತಿಯ ಪೇಸ್ಲಿಪ್ಪಿನಲ್ಲಿ ಕೈಗೆ ಬಂದ ಮೊತ್ತವೂ ಅವರ ಖಾತೆಗೆ ಜಮಾ ಆದ ಮೊತ್ತವೂ ಒಂದೇ ಆಗಿರಬೇಕು. ಕಂಪನಿಯ ಪತ್ರದಲ್ಲಿ ಸಂಬಳ, ಕೆಲಸದ ಸ್ವರೂಪ, ಎಷ್ಟು ಕಾಲದಿಂದ ಅದೇ ಸಂಬಳ ಎಂಬುದೆಲ್ಲ ಇರಬೇಕು. ಇತ್ತೀಚಿನ ಸ್ಟೇಟ್‌ಮೆಂಟ್ ಅರ್ಜಿಯ ದಿನಾಂಕಕ್ಕೆ 28 ದಿನಗಳ ಒಳಗಿನದಾಗಿರಬೇಕು. ಕ್ರಯಪತ್ರ ಕನ್ನಡದಲ್ಲಿದ್ದುದರಿಂದ ಇಂಗ್ಲಿಷ್ ಅನುವಾದ ಬೇಕಾಯಿತು. ಇದಕ್ಕೆ ಸಂಸ್ಥೆ ಹೇಳಿದ ದರ ಹೊರಗಿನವರ ದರದ ಎರಡರಷ್ಟಿತ್ತು. ಅನುವಾದ ನಿಖರವಾಗಿದೆಯೆಂಬ ಒಕ್ಕಣೆ, ದಿನಾಂಕ, ಹೆಸರು, ಸಹಿ, ಸಂಪರ್ಕ ವಿವರ ಇದ್ದರೆ ಹೊರಗೆ ಮಾಡಿಸಿದ ಅನುವಾದಕ್ಕೂ ಅಡ್ಡಿಯಿಲ್ಲ. ನಾನು ಹೊರಗೇ ಮಾಡಿಸಿದೆ.

ಇನ್ನು ದೂರುಗಳು. ಹೇಳಿದ ಶುಲ್ಕದಲ್ಲಿ ಜಿಎಸ್‌ಟಿ ಸೇರಿರಲಿಲ್ಲವೆಂಬುದು ಬಿಲ್ ಕೈಗೆ ಬಂದಾಗಲೇ ತಿಳಿದದ್ದು, ಇದು ಸಣ್ಣದು. ದೊಡ್ಡದೆಂದರೆ, 87 ಪೌಂಡಿನ ಕೊರತೆಯ ಸುದ್ದಿ ಒಳಗಿನ ಮೇಜಿನಿಂದ ಮುಂದಿನ ಕೌಂಟರಿಗೆ ತಲುಪಿದ ಕೂಡಲೇ ಅಲ್ಲಿಯ ಹಿರಿಯರೊಬ್ಬರು, ಬಾಡಿಗೆದಾರರಿಂದ ಹಿಂದಿನ ದಿನಾಂಕದ ರಸೀದಿ ಬರೆಸಿಕೊಂಡು ಬಂದರೆ "ಅಡ್ಜಸ್ಟ್ ಮಾಡೋಣ" ಎಂದದ್ದು. ಪುರಾವೆ ಸಾಲದಿದ್ದರೆ ಮತ್ತೊಮ್ಮೆ ಅರ್ಜಿ ಹಾಕಬಹುದು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಆ ಕಳಂಕ ಮುಂದಿನ ಪ್ರತಿಯೊಂದು ಅರ್ಜಿಯನ್ನೂ ಹಿಂಬಾಲಿಸುತ್ತದೆ, ಅದನ್ನು ಹೊರಬೇಕಾದವರು ಅರ್ಜಿದಾರರೇ ಹೊರತು ಸಂಸ್ಥೆಯಲ್ಲ. ಬ್ರಿಟನ್ನಿನ ಒಳಗೆ ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ಅಲ್ಲಿಯ ವಲಸೆ ಸಲಹಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಜಯನಗರದಲ್ಲಿ ಕುಳಿತು ಸಲಹೆ ಕೊಡುವವರಿಗೆ ಆ ಕಟ್ಟುಪಾಡಿಲ್ಲ. ಗೋಡೆಯ ಮೇಲಿದ್ದ "ವೀಸಾ ಗ್ಯಾರಂಟಿ" ಎಂಬ ಫಲಕವನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಸಂಗಾತಿಯ ಸಂಬಳವೊಂದೇ 29,000 ಪೌಂಡ್ ದಾಟಿ, ಆರು ತಿಂಗಳಿನಿಂದ ಒಂದೇ ಕಂಪನಿಯಲ್ಲಿದ್ದರೆ ಇಂಥ ಸೇವೆಗೆ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಸರ್ಕಾರಿ ಜಾಲತಾಣದ ಮಾರ್ಗಸೂಚಿಯನ್ನು ಎರಡು ಸಲ ನಿಧಾನವಾಗಿ ಓದಿದರೆ ಸಾಕು. ಸ್ವಂತ ಉದ್ಯೋಗದವರು, ಮಿತಿಗೆ ಕೊರತೆಯಿರುವವರು, ಹಣ ಭಾರತದಲ್ಲಿ ಬಾಡಿಗೆಯಾಗಿಯೋ ಠೇವಣಿಯಾಗಿಯೋ ಇರುವವರು ಕಡತ ಪರಿಶೀಲನೆಯನ್ನಷ್ಟೇ ಕೊಳ್ಳಬಹುದು. ಆರೋಗ್ಯ ಶುಲ್ಕವೊಂದೇ ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷಕ್ಕೆ 3,105 ಪೌಂಡ್ ಆಗುತ್ತದೆ. ಅರ್ಜಿ ತಿರಸ್ಕೃತವಾದರೆ ಅದು ಮರಳುತ್ತದೆ, ಅರ್ಜಿ ಶುಲ್ಕ ಮರಳುವುದಿಲ್ಲ; ಆ ನಷ್ಟದ ಮುಂದೆ ಹದಿನೆಂಟು ಸಾವಿರ ದುಬಾರಿಯಲ್ಲ. ಹೋಗುವವರು ಕೌಂಟರಿನವರೊಡನೆ ಮಾತು ಬೆಳೆಸದೆ, ಕಡತ ಓದುವವರು ಯಾರೆಂದು ಕೇಳಿ ಅವರೆದುರೇ ಕುಳಿತುಕೊಳ್ಳಲಿ, ಬಾಡಿಗೆ ಜಮಾ ಆಗುವ ಖಾತೆಯ ಹನ್ನೆರಡು ತಿಂಗಳ ಸ್ಟೇಟ್‌ಮೆಂಟನ್ನು ಮೊದಲ ದಿನವೇ ಕೊಂಡೊಯ್ಯಲಿ.