ಟೆನ್ಸೈಲ್ ಚಾವಣಿಯ ಮೇಲೆ ಬಾಗುವ ಸೋಲಾರ್: ನಾಲ್ಕು ಮಳೆಗಾಲದ ಬಳಿಕ

ಬಳಕೆ: ಕಾರ್ ಪಾರ್ಕಿಂಗ್‌ನ ಟೆನ್ಸೈಲ್ ಚಾವಣಿ, ಅಂದರೆ ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದು. ಅದರ ಮೇಲೆ 100 ವಾಟ್‌ನ 24 ಸಿಐಜಿಎಸ್ (ತೆಳು ಪದರದ, ಬಾಗುವ ಬಗೆಯ) ಪ್ಯಾನೆಲ್. ಒಟ್ಟು 2.4 ಕಿಲೋವಾಟ್.

ಕೊಳ್ಳುವವರು ಮೊದಲು ಕೇಳುವುದು ವಾಟ್ ಎಷ್ಟು ಅಂತ. ಕೇಳಬೇಕಾದ್ದು ಪ್ಯಾನೆಲ್ ಬಟ್ಟೆಗೆ ಹೇಗೆ ಕೂರುತ್ತದೆ ಎನ್ನುವುದು. ಇಷ್ಟು ದಿನದಲ್ಲಿ ಒಂದು ಸೆಲ್ಲೂ ಕೆಟ್ಟಿಲ್ಲ, ಕೈಕೊಟ್ಟದ್ದು ಅಂಟು.

ಮೊದಲು ಬ್ಯುಟೈಲ್ (ರಬ್ಬರಿನಂಥ ಅಂಟು) ಪಟ್ಟಿಯಿಂದ ನೇರ ಬಟ್ಟೆಗೇ ಅಂಟಿಸಿದ್ದರು. ಎರಡನೇ ಬೇಸಿಗೆಗೆ ಅಂಚುಗಳು ಎದ್ದವು. ಕೊಳೆ ಕೂರದಿರಲೆಂದು ಬಟ್ಟೆಗೆ ಬಳಿಯುವ ಪಿವಿಡಿಎಫ್ ಲೇಪ ಅಂಟನ್ನೂ ಕೂರಗೊಡುವುದಿಲ್ಲ. ಅದನ್ನು ಉಜ್ಜಿ ತೆಗೆದರೂ, ಪಿವಿಸಿಯನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್ ನಿಧಾನವಾಗಿ ಹೊರಬಂದು ಅಂಟನ್ನು ಲೋಳೆಯಾಗಿಸುತ್ತದೆ. ಸಾಲದ್ದಕ್ಕೆ, ಬಟ್ಟೆ ಹಾಸಿಗಿಂತ (ಉದ್ದದ ಎಳೆ) ಹೊಕ್ಕಿನ (ಅಡ್ಡ ಎಳೆ) ಕಡೆ ಹೆಚ್ಚು ಹಿಗ್ಗುತ್ತದೆ. ಪ್ಯಾನೆಲ್ಲಿನೊಳಗೆ ಸ್ಟೀಲ್ ಹಾಳೆಯ ಮೇಲೆ ಕೂತ ಸೆಲ್ ಹಿಗ್ಗುವುದಿಲ್ಲ. ಗಾಳಿ ಬೀಸಿದಷ್ಟು ಸಲವೂ ಆ ಎಳೆದಾಟ ಅಂಟಿನ ಮೇಲೆಯೇ.

ಈಗಿರುವುದು ಕಿಸೆ. ಅದೇ ಬಟ್ಟೆಯ ಪಟ್ಟಿಗಳನ್ನು, ಲೇಪ ಉಜ್ಜಿದ ಜಾಗದಲ್ಲಿ, ಬಿಸಿಗಾಳಿಯಿಂದ ಬೆಸೆದು ಪ್ಯಾನೆಲ್ ಅನ್ನು ಒಳಗೆ ತೂರಿಸಿದೆ. ಪ್ಯಾನೆಲ್ಲಿನ ಉದ್ದ ಹಾಸಿನ ದಿಕ್ಕಿಗೆ. ಮೇಲಂಚಿನಲ್ಲಷ್ಟೇ ಐಲೆಟ್ (ಲೋಹದ ಬಳೆ ಕೂರಿಸಿದ ತೂತು) ಬಿಗಿತ, ಉಳಿದ ಮೂರು ಬದಿಗೆ 10 ಮಿ.ಮೀ. ಸಡಿಲ. ಪಟ್ಟಿ ಸೆಲ್ ಇಲ್ಲದ ಅಂಚನ್ನು ಮಾತ್ರ ಮುಚ್ಚಬೇಕು. ಸೆಲ್ ಮೇಲೆ ಬಂದರೆ ಅದೇ ನೆರಳಾಗುತ್ತದೆ. ಪಟ್ಟಿ ಬೆಸೆಯುವ ಕೆಲಸ ಚಾವಣಿ ಏರಿಸುವ ಮೊದಲು ವರ್ಕ್‌ಶಾಪಿನಲ್ಲೇ ಆಗಬೇಕು, ಮೇಲೆ ಹತ್ತಿ ಬೆಸೆದರೆ ನೇರ ಬರುವುದಿಲ್ಲ. ಹೊಸ ಬಟ್ಟೆ ಮೊದಲ ತಿಂಗಳುಗಳಲ್ಲಿ ಜೋಲುವುದರಿಂದ, ಮತ್ತೊಮ್ಮೆ ಎಳೆದು ಬಿಗಿಗೊಳಿಸಿದ ಮೇಲೆ ಪ್ಯಾನೆಲ್ ತೂರಿಸಿ.

ವೈರಿಂಗ್: ಪೂರ್ವದ ಇಳಿಜಾರಿನ 12, ಪಶ್ಚಿಮದ 12 ಬೇರೆ ಬೇರೆ ಸ್ಟ್ರಿಂಗ್ (ಒಂದರ ಹಿಂದೊಂದು ಜೋಡಿಸಿದ ಸಾಲು), ಇನ್ವರ್ಟರ್‌ನಲ್ಲಿ ಬೇರೆ ಬೇರೆ ಎಂಪಿಪಿಟಿ (ಸಾಲಿನಿಂದ ಗರಿಷ್ಠ ವಿದ್ಯುತ್ ಎಳೆಯುವ ಭಾಗ). ಒಂದೇ ಸ್ಟ್ರಿಂಗ್‌ಗೆ ಸೇರಿಸಿದರೆ ಬೆಳಿಗ್ಗೆ ಪಶ್ಚಿಮದವು ಪೂರ್ವದವನ್ನೂ ಕೆಳಗೆಳೆಯುತ್ತವೆ. ಜಂಕ್ಷನ್ ಬಾಕ್ಸಿಗೆ ಹೋಗುವ ವೈರ್ ಒಮ್ಮೆ ಕೆಳಗಿಳಿದು ಮೇಲೇರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಶಾಖದ ಲೆಕ್ಕ ಮರೆಯಬೇಡಿ. ಪ್ಯಾನೆಲ್ ಬೆನ್ನಿಗೆ ಗಾಳಿಯಾಡುವುದಿಲ್ಲ. 65 ಡಿಗ್ರಿ ಮುಟ್ಟಿದರೆ, ಡಿಗ್ರಿಗೆ ಶೇ. 0.35ರ ಲೆಕ್ಕದಲ್ಲಿ, 25 ಡಿಗ್ರಿಯಲ್ಲಿ ಅಳೆದ ವಾಟ್‌ನಲ್ಲಿ ಶೇ. 14 ಹೋಯಿತು.

ತೂಕ ತಾಳುವ ಗಟ್ಟಿ ಚಾವಣಿ ಇದ್ದವರಿಗೆ ಗಾಜಿನ ಪ್ಯಾನೆಲ್ಲೇ ಅಗ್ಗ, ಅದನ್ನೇ ಹಾಕಿಸಿ. ಬಟ್ಟೆ ಚಾವಣಿಯೇ ಆದರೆ ಎರಡು ಪ್ಯಾನೆಲ್ ಹೆಚ್ಚಿಗೆ ಕೊಂಡಿಡಿ. ಮಾದರಿ ಬದಲಾಗಿ ಅಳತೆ ಒಂದಿಷ್ಟು ಹೆಚ್ಚಾದರೂ ಹೊಸದು ಹಳೆಯ ಕಿಸೆಗೆ ಹೋಗುವುದಿಲ್ಲ.