ಸಡಿಲ ಪ್ರೋಟೀನ್ ಜೋಡಿಗೆ ಯಾವುದು ಸರಿ: ಪುಲ್‌ಡೌನ್, ನೇಟಿವ್, ಕ್ರಾಸ್‌ಲಿಂಕ್?

ನನ್ನ ಹತ್ತಿರ ಎರಡು ಪ್ರೋಟೀನ್ ಇದ್ದವು. ಕೂಡುತ್ತವೆ, ಕೂಡಿದಷ್ಟೇ ಬೇಗ ಬಿಡುತ್ತವೆ. ಕೆಡಿ (ಹಿಡಿತ ಎಷ್ಟು ಸಡಿಲ ಎಂಬ ಅಳತೆ, ಹೆಚ್ಚಿದ್ದಷ್ಟೂ ಸಡಿಲ) ಸುಮಾರು 50 ಮೈಕ್ರೋಮೋಲಾರ್. ಈ ಜೋಡಿಯನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ ಯಂತ್ರದಲ್ಲಿ ಹಿಡಿಯಲು ಮೂರು ದಾರಿ ಹಿಡಿದು ನೋಡಿದೆ.

ಪುಲ್‌ಡೌನ್ ಬಗ್ಗೆ ಹೇಳುವುದು ಕಡಿಮೆ. ಒಂದು ಪ್ರೋಟೀನನ್ನು ಮಣಿಗೆ ಕಟ್ಟಿ, ಇನ್ನೊಂದು ಅದರ ಜತೆ ಬರುತ್ತದಾ ಎಂದು ನೋಡುವುದು. ಗಟ್ಟಿ ಜೋಡಿಗೆ ಇಷ್ಟು ಸಾಕು. ಆದರೆ ಇಂಥ ಸಡಿಲ ಜೋಡಿ ಒಟ್ಟಿಗಿರುವುದು ಕೆಲವೇ ಮಿಲಿಸೆಕೆಂಡು ಇರಬಹುದು, ನಾನು ಮಣಿ ತೊಳೆದದ್ದು ಐದೈದು ನಿಮಿಷ, ಮೂರು ಸಲ! ಏನು ಉಳಿದೀತು? ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬಿಡಿಸಿ ತೋರಿಸುವ ಜೆಲ್ ಪೂರ್ತಿ ಖಾಲಿ.

ನೇಟಿವ್ ಮಾಸ್ ಸ್ಪೆಕ್ ಜತೆ ವಾರಗಟ್ಟಲೆ ಗುದ್ದಾಡಿದೆ. ಇಲ್ಲಿ ಪ್ರೋಟೀನನ್ನು ಕತ್ತರಿಸುವುದಿಲ್ಲ, ಮಡಿಕೆ ಬಿಚ್ಚುವುದಿಲ್ಲ, ಇದ್ದ ಹಾಗೇ ಸಣ್ಣ ಹನಿಗಳಲ್ಲಿ ಯಂತ್ರದೊಳಗೆ ಹಾರಿಸುತ್ತೇವೆ. ಪ್ರೋಟೀನ್ ಇಡುವ ಮಾಮೂಲಿ ಉಪ್ಪಿನ ದ್ರಾವಣ (ಬಫರ್) ನಡೆಯುವುದಿಲ್ಲ. ಒಣಗಿದಾಗ ಆವಿಯಾಗಿ ಹೋಗುವ ಅಮೋನಿಯಂ ಅಸಿಟೇಟ್‌ಗೆ ಬದಲಾಯಿಸಬೇಕು. ನಾನು ಮೊದಲು ಒಂದೇ ಸಲ ಬದಲಾಯಿಸಿದೆ. ಉಳಿದ ಸೋಡಿಯಂ ಅಂಟಿಕೊಂಡು, ಚೂಪಾಗಿರಬೇಕಿದ್ದ ಪೀಕ್‌ಗಳು ಗುಡ್ಡೆಗಳಾಗಿ ಕಂಡವು. ಮೂರು ಸಲ ಬದಲಾಯಿಸಿದ ಮೇಲೆ ಜೋಡಿಯ ಪೀಕ್ ಸಣ್ಣಗೆ ಬಂತು. ಸಣ್ಣಗೇ ಬರಬೇಕು ಬಿಡಿ: ಎರಡೂ 5 ಮೈಕ್ರೋಮೋಲಾರ್ ಇದ್ದರೆ ಲೆಕ್ಕದ ಪ್ರಕಾರ ಕೂಡಿರುವುದು ಶೇ 8 ಮಾತ್ರ.

ಖುಷಿ ಬೇಗ ಇಳಿಯಿತು. ಕೋನ್ ವೋಲ್ಟೇಜ್ (ಯಂತ್ರದ ಬಾಯಲ್ಲಿ ಪ್ರೋಟೀನನ್ನು ಒಳಗೆ ನೂಕುವ ವೋಲ್ಟೇಜ್) ಸ್ವಲ್ಪ ಏರಿಸಿದರೆ ಪೀಕ್ ಮಾಯ. ಸಾಂದ್ರತೆ ಏರಿಸಿದರೆ ಇನ್ನೊಂದು ಪಜೀತಿ. ಹನಿ ಒಣಗುತ್ತಾ ಚಿಕ್ಕದಾದಂತೆ ಒಳಗಿನ ಪ್ರೋಟೀನ್‌ಗಳು ಒತ್ತೊತ್ತಾಗಿ, ಸಂಬಂಧವೇ ಇಲ್ಲದವೂ ಅಂಟಿಕೊಳ್ಳುತ್ತವೆ. ಅದೇ ಗಾತ್ರದ, ಅಂಟಬಾರದ ಇನ್ನೊಂದು ಪ್ರೋಟೀನ್ ಹಾಕಿ ನೋಡಿದೆ. ಅದೂ ಪೀಕ್ ಕೊಟ್ಟಿತು! ಸಾಂದ್ರತೆ ಇಳಿಸಿ, ತುದಿ ಇನ್ನೂ ಸಪೂರವಾದ ಕ್ಯಾಪಿಲರಿ (ಹನಿ ಚಿಮ್ಮಿಸುವ ಸೂಜಿಯಂಥ ನಳಿಗೆ) ಹಾಕಿದ ಮೇಲೆ ಆ ಸುಳ್ಳು ಪೀಕ್ ಬಹುಪಾಲು ಹೋಯಿತು. ಇನ್ನೊಂದು ವಿಷಯ. ನೀರಿಲ್ಲದ ಕಡೆ ಎಣ್ಣೆ ಸ್ವಭಾವದ ಹಿಡಿತ ಸಡಿಲವಾಗುತ್ತದೆ, ವಿದ್ಯುತ್ ಚಾರ್ಜ್‌ನ ಹಿಡಿತ ನಿಲ್ಲುತ್ತದೆ. ಹಾಗಾಗಿ ಪೀಕ್ ಎತ್ತರ ನೋಡಿ ನಂಟು ಎಷ್ಟು ಗಟ್ಟಿ ಎಂದು ನಾನಂತೂ ಹೇಳಲಾರೆ.

ನನ್ನ ಓಟು ಕ್ರಾಸ್‌ಲಿಂಕ್‌ಗೆ. ಡಿಎಸ್ಎಸ್ ಎಂಬ ರಾಸಾಯನಿಕ ಹತ್ತಿರದ ಎರಡು ಲೈಸಿನ್‌ಗಳಿಗೆ (ಪ್ರೋಟೀನ್ ಸರಪಳಿಯ ಒಂದು ಬಗೆಯ ಕೊಂಡಿ) ಅವುಗಳ ಅಮೀನ್ ತುದಿ ಹಿಡಿದು ಹೊಲಿಗೆ ಹಾಕುತ್ತದೆ. ಜೋಡಿ ಕ್ಷಣಮಾತ್ರ ಕೂಡಿದರೂ ಹೊಲಿಗೆ ಬೀಳಬಹುದು, ಬಿದ್ದ ಮೇಲೆ ಎಷ್ಟು ತೊಳೆದರೂ ಬಿಚ್ಚುವುದಿಲ್ಲ. ಮೊದಲ ಸಲ ಎಡವಟ್ಟು ನನ್ನದೇ. ಪ್ರೋಟೀನ್ ಟ್ರಿಸ್ ಬಫರ್‌ನಲ್ಲಿತ್ತು. ಟ್ರಿಸ್‌ನಲ್ಲೇ ಅಮೀನ್ ಇದೆ ಅಲ್ವಾ, ಡಿಎಸ್ಎಸ್ ಎಲ್ಲಾ ಅದಕ್ಕೇ ಖರ್ಚಾಯಿತು. ಡಿಎಸ್ಎಸ್ ಜತೆ ಕೂಡದ ಹೆಪೆಸ್ ಬಫರ್‌ಗೆ ಬದಲಾಯಿಸಿದಾಗ ಜೆಲ್‌ನಲ್ಲಿ ಎರಡರ ತೂಕ ಕೂಡಿಸಿದ ಜಾಗದಲ್ಲಿ ಮೂರನೇ ಬ್ಯಾಂಡ್ ಎದ್ದಿತು. ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ ಮಾಸ್ ಸ್ಪೆಕ್‌ಗೆ ಹಾಕಿದರೆ ಯಾವ ಲೈಸಿನ್ ಯಾವುದರ ಪಕ್ಕ ಇತ್ತು ಎಂದೂ ಗೊತ್ತಾಗುತ್ತದೆ, ಸುಮಾರು 30 ಆಂಗ್‌ಸ್ಟ್ರಾಮ್ (3 ನ್ಯಾನೋಮೀಟರ್) ಒಳಗೆ.

ಕೊರತೆ ಇಲ್ಲದಿಲ್ಲ. ಕೂಡುವ ಜಾಗದ ಹತ್ತಿರ ಲೈಸಿನ್ ಇಲ್ಲದಿದ್ದರೆ ಹೊಲಿಗೆಯೇ ಇಲ್ಲ. ಡಿಎಸ್ಎಸ್ ಜಾಸ್ತಿಯಾದರೆ ಜೆಲ್ ಮೇಲೆ ಬರೀ ಕಲೆ. ಒಂದಕ್ಕೆ ಒಂದು ಕೂಡಿದೆಯೋ ಎರಡೋ ಎಂಬ ಲೆಕ್ಕಕ್ಕೆ ಈಗಲೂ ನೇಟಿವ್ ಹತ್ತಿರವೇ ಹೋಗುತ್ತೇನೆ.

ಆದರೂ ನಾನು ಒಪ್ಪಿದ್ದು ಆ ಜೆಲ್ ನೋಡಿ. ಅಂಟಬಾರದ ಪ್ರೋಟೀನಿಗೂ ಅಷ್ಟೇ ಡಿಎಸ್ಎಸ್ ಹಾಕಿದ್ದೆ. ಅದರ ಲೇನ್‌ನಲ್ಲಿ ಮೂರನೇ ಬ್ಯಾಂಡ್ ಇರಲಿಲ್ಲ.